ಮೂರು ಹಿಡಿ ಉಪ್ಪು

ಜನವರಿ 11, 2018. ಗುರುವಾರ, ಸಂಜೆ

ಹಿಮ ಒಂಬತ್ತು ಇಂಚು. ಗಾಳಿ ಸರೋವರದ ಕಡೆಯಿಂದ.

ಬೆಳಿಗ್ಗೆ ಆರಕ್ಕೇ ಚರ್ಚಿನ ನೆಲಮಾಳಿಗೆ. ರುಟಬೇಗಾ ಗಡ್ಡೆ ಎರಡು ಮೂಟೆ ನಾನೊಬ್ಬನೇ ಹೆರೆದೆ. ಡೆಲ್ಬರ್ಟ್ ಆಲೂಗಡ್ಡೆ ಮುಂದೆ ಕೂತು ಕೈಗಿಂತ ಬಾಯಿ ಕೆಲಸವನ್ನೇ ಹೆಚ್ಚು ಮಾಡಿದ. ಮೂವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದ ಪೋಸ್ಟ್‌ಮ್ಯಾನ್. ರಿಟೈರ್ ಆದಮೇಲೆ ಬರೀ ಸುದ್ದಿ ಹಂಚುತ್ತಾನೆ.

ನಾಲ್ಕು ಟಬ್ ಹೂರಣ, ಮುನ್ನೂರ ಎಂಬತ್ತು ಪ್ಯಾಸ್ಟಿ — ಕಣಕದೊಳಗೆ ಹೂರಣ ತುಂಬಿ ಬೇಯಿಸಿ, ಚರ್ಚಿನ ಖರ್ಚಿಗೆಂದು ಮಾರುವ ಕಡುಬು. ಮೂರನೇ ಟಬ್ಬಿಗೆ ಅತ್ತಿಗೆ ಮತ್ತೆ ಉಪ್ಪು ಹಾಕಿರಲಿಲ್ಲ.

ಇಲ್ಲಿ ಬರೆದುಬಿಡುತ್ತೇನೆ. ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುವಾಗ ಕೊಡುತ್ತಿದ್ದ ಲಾಗ್ ಪುಸ್ತಕ ಇದು, ಇನ್ನೂ ಒಂದು ಡಬ್ಬಿ ಮಿಕ್ಕಿವೆ. ಜೇಬಲ್ಲಿಟ್ಟುಕೊಳ್ಳುವ ಚಾಳಿ ಹೋಗಿಲ್ಲ. ಯಾರೂ ಓದುವುದಿಲ್ಲ. ನನ್ನ ಹೆಂಡತಿ ಹೆಲ್ಮಿ ಇದ್ದಿದ್ದರೆ ಓದುತ್ತಿದ್ದಳು, ಅವಳು ಹೋಗಿ ಎರಡು ವರ್ಷ.

ಅವಳ ಅಕ್ಕ ಲೆಂಪಿಯೇ ಈ ಅತ್ತಿಗೆ. ಎಂಬತ್ನಾಲ್ಕು. ನಲವತ್ತೊಂದು ವರ್ಷದಿಂದ ನಮ್ಮ ಗುರುವಾರದ ಪ್ಯಾಸ್ಟಿಗೆ ಉಪ್ಪು ಹಾಕುತ್ತಿರುವ ಕೈ. ಟಬ್ಬಿಗೆ ಮೂರು ಹಿಡಿ. ಅಳತೆ ಲೋಟ ತೋರಿಸಿದರೆ ಸಿಡಿಯುತ್ತಾರೆ — "ಅಳತೆ ಬೇಕಾದೋರು ಔಷಧಿ ಅಂಗಡಿ ಇಟ್ಕೊಳ್ಳಿ!" ಊರಿನವರೆಲ್ಲ ಅತ್ತಿಗೆಯ ಕೈಗುಣ ಎನ್ನುತ್ತಾರೆ. ನಿಜವೇ. ಅಕ್ಟೋಬರ್ ತನಕ.

ಅಕ್ಟೋಬರ್‌ನಿಂದ ಮರೆಯುತ್ತಿದ್ದಾರೆ. ಒಂದು ಟಬ್ಬಿಗೆ ಹಾಕುವುದೇ ಇಲ್ಲ, ಇನ್ನೊಂದಕ್ಕೆ ಎರಡು ಸಲ. ಟಬ್ಬನ್ನು ಉಗ್ರಾಣದ ಮೂಲಕ ತಳ್ಳಿಕೊಂಡು ಅಂಚು ಹೆಣೆಯುವ ಮೇಜಿಗೆ ಒಯ್ಯುವವನು ನಾನು. ಉಗ್ರಾಣದಲ್ಲಿ ನಿಲ್ಲುತ್ತೇನೆ. ಆಲೂಗಡ್ಡೆ ಚೂರು ನಾಲಿಗೆಗೆ ಇಡುತ್ತೇನೆ. ಉಪ್ಪಿಲ್ಲವೋ, ಹೆಲ್ಮಿಯ ಹಳೇ ಕಾಫಿ ಡಬ್ಬಿಯಿಂದ ಸುರಿದು ಕಲಸುತ್ತೇನೆ. ಹೆಚ್ಚಾಯಿತೋ, ಬಚ್ಚಿಟ್ಟ ಸಪ್ಪೆ ಆಲೂಗಡ್ಡೆ ಬಕೆಟ್ ಸುರಿಯುತ್ತೇನೆ. ಮೂರು ತಿಂಗಳಾಯಿತು. ಯಾರಿಗೂ ತಿಳಿದಿಲ್ಲ.

ತಿಳಿದಿರಲಿಲ್ಲ. ಇವತ್ತು, ಹೊಸದಾಗಿ ಕೆಲಸಕ್ಕೆ ಸೇರಿದ ಕೊರೀನ್ ಫಾಯಿಲ್ ಸುರುಳಿ ತೆಗೆದುಕೊಳ್ಳಲು ಬಂದಳು. ನನ್ನ ಕೈ ಡಬ್ಬಿಯೊಳಗಿತ್ತು.

"ಏನ್ ಮಾಡ್ತಿದೀರ ಆರ್ವೊ ಅವ್ರೇ?"

"ಏನಿಲ್ಲ. ಉಪ್ಪು… ಒಂಚೂರು ಕಮ್ಮಿ."

"ಲೆಂಪಿ ಅಮ್ಮ ಹಾಕಿದ್ರಲ್ಲ?"

ನಾನು ಡಬ್ಬಿ ಮುಚ್ಚಿದೆ. ಅವಳಿಗೆ ಅರ್ಥವಾಯಿತು. ಚುರುಕು ಹೆಂಗಸು.

"ನೋಡು ತಾಯಿ, ನೀನೇನೂ ಕಂಡಿಲ್ಲ. ಇದಕ್ಕೆ ಕೈ ಹಾಕ್ಬೇಡ, ಬಾಯೂ ಹಾಕ್ಬೇಡ. ನಾನು ನೋಡ್ಕೋತೀನಿ. ಮಾತು ಕೊಡು."

"ಕೊಟ್ಟೆ. ನಾವು ಕಾರ್ನಿಶ್ ಜನ, ಕೊಟ್ಟ ಮಾತು ವಾಪಸ್ ಇಸ್ಕೊಳಲ್ಲ" ಎಂದು ನಕ್ಕು ಹೋದಳು.

ಈ ವಯಸ್ಸಲ್ಲಿ ಕದ್ದು ಸಿಕ್ಕಿಬೀಳುವುದು ಅಂದರೆ ಇದೇ.

ಜನವರಿ 18, ಗುರುವಾರ

ಹಿಮ ನಾಲ್ಕು ಇಂಚು. ಟಬ್ ಎರಡಕ್ಕೆ ಉಪ್ಪು ಜಾಸ್ತಿ. ಬಕೆಟ್ ಸುರಿದೆ.

ಕೊರೀನ್ ಬಂದದ್ದು ಒಳ್ಳೆಯದಾಯಿತು. ಐವತ್ತೆರಡು ವಯಸ್ಸು, ಎತ್ತಿನ ತೋಳು, ಟಬ್ ಕಲಸುವುದು ಈಗ ಅವಳದೇ. ಅವಳಪ್ಪ ಟ್ರೆವ್ಯಾರೋ ಮುದುಕನಿಗೆ ಪಾರ್ಶ್ವವಾಯು, ಮಾತು ಹೋಗಿದೆ. ನೋಡಿಕೊಳ್ಳಲೆಂದೇ ಡೆಟ್ರಾಯಿಟ್ ಬಿಟ್ಟು ಈ ಹಿಮಕ್ಕೆ ಬಂದಳು. ಗುರುವಾರ ಅರ್ಧ ದಿನ ಪಕ್ಕದ ಮನೆಯವಳು ಮುದುಕನ ಹತ್ತಿರ ಕೂರುತ್ತಾಳೆ. ವಾರದಲ್ಲಿ ಅಷ್ಟೇ ಅವಳಿಗೆ ಬಿಡುವು. "ಗುರುವಾರ ಒಂದಿನ ನಾನು ಮನುಷ್ಯಳಾಗಿರ್ತೀನಿ" ಎಂದಳು ಮೊನ್ನೆ, ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು.

ಫಿನ್ನರ ಚರ್ಚಿನಲ್ಲಿ, ಪ್ಯಾಸ್ಟಿಯನ್ನು ಇಂಗ್ಲೆಂಡಿನಿಂದ ಇಲ್ಲಿನ ಗಣಿಗೆ ಹೊತ್ತು ತಂದ ಕಾರ್ನಿಶ್ ಜನದ ಹೆಂಗಸು! ಡೆಲ್ಬರ್ಟ್ ಬಿಡುತ್ತಾನೆಯೇ? "ಪ್ಯಾಸ್ಟಿ ಕಂಡ್ಹಿಡಿದಿದ್ದು ನೀವೇ ಇರ್ಬಹುದಮ್ಮ, ತಿನ್ನೋ ಹಾಗೆ ಮಾಡಿದ್ದು ನಾವು."

"ಹೌದೌದು, ಅದರ ತಲೆ ಮೇಲೆ ಕೆಚಪ್ ಸುರಿದು."

ನೆಲಮಾಳಿಗೆಯೆಲ್ಲ ನಕ್ಕಿತು.

ಆಮೇಲೆ ಅತ್ತಿಗೆಯನ್ನು ಕೇಳಿದಳು — ಉಪ್ಪು ಬೀಳುವ ಮುಂಚೆ ಒಂದು ಬಟ್ಟಲು ಹೂರಣ ಎತ್ತಿಟ್ಟುಕೊಳ್ಳಲಾ, ಅಪ್ಪನಿಗೆ ಡಾಕ್ಟರು ಉಪ್ಪು ಬಿಡಿಸಿದ್ದಾರೆ. ಅತ್ತಿಗೆ ಕನ್ನಡಕದ ಮೇಲಿಂದ ನೋಡಿದರು. "ಉಪ್ಪಿಲ್ಲದ ಪ್ಯಾಸ್ಟಿ ಹೆಣಕ್ಕೆ ಇಡೋದು ಕಣೇ." ಕೊರೀನ್ ಮುಖ ಸಣ್ಣದಾಯಿತು. ಆದರೂ ಎತ್ತಿಟ್ಟುಕೊಂಡಳು. ಪುಟ್ಟ ಪ್ಯಾಸ್ಟಿ ಮಾಡಿ, ಮೂಲೆಯಲ್ಲಿ ಚಾಕುವಿನ ತುದಿಯಿಂದ ಅಪ್ಪನ ಹೆಸರಿನ ಮೊದಲಕ್ಷರ ಕೊರೆದಳು. ಗಣಿಗೆ ಇಳಿಯುವವರ ಬುತ್ತಿಗೆ ಹೀಗೇ ಕೊರೆಯುತ್ತಿದ್ದರು, ಅರ್ಧ ತಿಂದಿಟ್ಟದ್ದು ಯಾರದೆಂದು ಕತ್ತಲಲ್ಲಿ ಕೈಗೆ ಗೊತ್ತಾಗಲೆಂದು. ನಮ್ಮಮ್ಮನೂ ಕೊರೆಯುತ್ತಿದ್ದಳು. ಈಗ ಯಾರೂ ಕೊರೆಯುವುದಿಲ್ಲ.

ಜನವರಿ 26, ಶುಕ್ರವಾರ

ಕಣ್ಣಿನ ಪೊರೆ ಆಪರೇಷನ್ನಿಗೆ ದಿನ ಸಿಕ್ಕಿತು. ಫೆಬ್ರವರಿ 8, ಮಾರ್ಕೆಟ್ ಪಟ್ಟಣದ ಆಸ್ಪತ್ರೆಯಲ್ಲಿ. ಗುರುವಾರವೇ ಆಗಬೇಕಿತ್ತೇ? ಬದಲಿಸಿ ಎಂದರೆ ಏಪ್ರಿಲ್ ಎನ್ನುತ್ತಾರೆ.

ಆ ದಿನ ಉಗ್ರಾಣದಲ್ಲಿ ಯಾರು ನಿಲ್ಲುವುದು? ಕೊರೀನ್‌ಗೆ ಹೇಳಬೇಕು. ಹೇಳುತ್ತೇನೆ.

ಫೆಬ್ರವರಿ 1, ಗುರುವಾರ

ನಾಲ್ಕೂ ಟಬ್ ಸರಿ! ನಾಲ್ಕೂ! ಅತ್ತಿಗೆ ಹಾಡಿಕೊಂಡು ಹಾಕುತ್ತಿದ್ದರು. ಡಬ್ಬಿ ಮುಟ್ಟಲಿಲ್ಲ.

ಕೊರೀನ್‌ಗೆ ಹೇಳಲಿಲ್ಲ. ಸುಮ್ಮನೆ ಅವಳನ್ನೇಕೆ ಎಳೆಯುವುದು. ಒಂದು ವಾರ ತಾನೆ.

ಫೆಬ್ರವರಿ 8, ಗುರುವಾರ

ಎಡಗಣ್ಣಿಗೆ ಪಟ್ಟಿ. ಅಕ್ಷರ ಸೊಟ್ಟ. ಸುಸೂತ್ರ. ಎರಡು ವಾರ ಭಾರ ಎತ್ತಬಾರದಂತೆ.

ಫೆಬ್ರವರಿ 10, ಶನಿವಾರ

ಬೆಳಿಗ್ಗೆ ರಮೋನಾ ಫೋನ್. ಪ್ಯಾಸ್ಟಿ ಆರ್ಡರು ಬರೆದುಕೊಳ್ಳುವವಳು, ಬೈಗುಳವೂ ಅವಳಿಗೇ ಬರುತ್ತದೆ. "ಆರ್ವೊ, ಕೂತ್ಕೊಂಡಿದೀಯಾ?" ಎಂದಳು. ಕೂತೆ.

ಎರಡು ಟಬ್ ಸಪ್ಪೆ. ಒಂದು ಟಬ್ ಬಾಯಿಗಿಡಲಾಗದಷ್ಟು ಉಪ್ಪು. ನೆಟ್ಟಗಿದ್ದದ್ದು ಒಂದೇ. ಸಪ್ಪೆಯಲ್ಲಿ ಎಂಬತ್ತು ಹೋದದ್ದು ಹಾಕಾಲಾ ಮುದುಕನ ಮಣ್ಣು ಮುಗಿಸಿ ಬಂದವರ ಊಟಕ್ಕೆ. ಸತ್ತವನ ಮನೆಯವರು ಒಂದು ಮಾತೂ ಆಡಲಿಲ್ಲವಂತೆ. ಉಪ್ಪಿನ ಡಬ್ಬಿ ಒಂದೇ ಇತ್ತು. ಮೇಜಿಂದ ಮೇಜಿಗೆ, ಕೈಯಿಂದ ಕೈಗೆ, ತಲೆ ತಗ್ಗಿಸಿ ದಾಟಿಸಿಕೊಂಡರಂತೆ.

"ಲೆಂಪಿ ಅಕ್ಕ ತಾನು ಹಾಕಿದೀನಿ ಅಂತಾರೆ. ನಲವತ್ತೊಂದು ವರ್ಷ ತಪ್ಪದ ಕೈ, ಇದೊಂದಿನ ತಪ್ಪುತ್ತಾ?" ಎಂದಳು ರಮೋನಾ. "ಡೆಲ್ಬರ್ಟ್ ಏನೋ ಹೇಳ್ತಿದಾನೆ, ಆ ಕೊರೀನ್ ವಿಷಯ. ಗುರುವಾರ ಕೂತು ಮಾತಾಡೋಣ."

ಆಗಲೇ ಹೇಳಬೇಕಿತ್ತು. ಫೋನ್ ಕೈಯಲ್ಲೇ ಇತ್ತು. "ಹೂಂ" ಎಂದೆ.

ಫೆಬ್ರವರಿ 15, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಕೆಲಸ ಶುರುವಾಗುವ ಮುಂಚೆ ಎಲ್ಲರೂ ಉದ್ದ ಮೇಜಿಗೆ ಕೂತೆವು. ಅತ್ತಿಗೆ ತುದಿಯಲ್ಲಿ, ಉಪ್ಪಿನ ಭರಣಿ ಮುಂದಿಟ್ಟುಕೊಂಡು. ರಮೋನಾ ಮೆತ್ತಗೆ ಶುರು ಮಾಡಿದಳು. ಡೆಲ್ಬರ್ಟ್‌ಗೆ ಮೆತ್ತಗೆ ಬರುವುದಿಲ್ಲ.

"ನಾನೇ ಕೇಳಿದೀನ್ರೀ ಕಿವಿಯಾರೆ. ಅವತ್ತು ಬೆಳಿಗ್ಗೆ ಇವಳು ಲೆಂಪಿ ಅಕ್ಕನ್ನ 'ಉಪ್ಪು ಹಾಕಿದ್ರಾ, ಉಪ್ಪು ಹಾಕಿದ್ರಾ' ಅಂತ ಎರಡು ಸಲ ಕೇಳಿದ್ಲು. ಯಾಕೆ ಬೇಕು ಇವಳಿಗೆ ಉಪ್ಪಿನ ಉಸಾಬರಿ?"

"ಕೇಳಿದ್ದು ನಿಜ" ಎಂದಳು ಕೊರೀನ್.

"ಅಪ್ಪನಿಗೆ ಅಂತ ಸಪ್ಪೆ ಹೂರಣ ಎತ್ತಿಡೋಳೂ ಇವಳೇ. ಬಟ್ಟಲು ಎತ್ತಿಡೋಳು ಟಬ್ಬೇ ಎತ್ತಿಟ್ಟಿರಬೇಕು. ಕಲಸಿದ್ದು ಯಾರು? ಇವಳು. ತಳ್ಕೊಂಡು ಹೋದೋರು ಯಾರು? ಆರ್ವೊ ಇರ್ಲಿಲ್ಲ, ಇವಳೇ."

"ಉಪ್ಪು ನಾನು ಹಾಕಿದೀನಿ" ಎಂದರು ಅತ್ತಿಗೆ. ಭರಣಿಯ ಮೇಲೆ ಕೈಯಿಟ್ಟು. ಸುಳ್ಳು ಹೇಳಲಿಲ್ಲ ಅವರು. ಹಾಕಿದ್ದೇನೆಂದೇ ನಂಬಿದ್ದರು. "ಈ ಹುಡುಗಿ ಬಂದಾಗಿನಿಂದ ನನ್ನ ಉಪ್ಪಿನ ಮೇಲೇ ಕಣ್ಣು ಇವಳಿಗೆ."

ಆಗ ಕೊರೀನ್ ನನ್ನ ಕಡೆ ನೋಡಿದಳು. ಉಳಿದವರ ಕಡೆ ನೋಡಲೇ ಇಲ್ಲ. ನನ್ನೊಬ್ಬನನ್ನೇ.

ಒಂದು ಮಾತು ಸಾಕಿತ್ತು ಅವಳಿಗೆ. 'ಉಗ್ರಾಣದಲ್ಲಿ ಕಾಫಿ ಡಬ್ಬಿ ಇದೆ, ನೋಡಿ ಬನ್ನಿ' ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನಗೆ ಮಾತು ಕೊಟ್ಟಿದ್ದಳು. ಬಾಯಿ ಬಿಡುತ್ತೇನೇನೋ ಎಂದು ಕಾದಳು. ನಾನು ಕಣ್ಣಿನ ಪಟ್ಟಿ ಸರಿಮಾಡಿಕೊಂಡೆ. ಸರಿಯಾಗೇ ಇದ್ದ ಪಟ್ಟಿ.

ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟಳು. ಅತ್ತಿಗೆಗೆ "ಬರ್ತೀನಮ್ಮ" ಎಂದಳು. ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಸದ್ದಾಗದಂತೆ ಮುಚ್ಚಿತು.

ಆಮೇಲೆ ಕೆಲಸ. ಎರಡನೇ ಟಬ್ಬಿಗೆ ಉಪ್ಪಿರಲಿಲ್ಲ. ಹಾಕಿದೆ. ಅಷ್ಟಾದ ಮೇಲೂ ಹಾಕಿದೆ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 16

ಹಿಮ ಹದಿನಾಲ್ಕು ಇಂಚು. ಎಲ್ಲಿಗೂ ಹೋಗಲಿಲ್ಲ.

ಫೆಬ್ರವರಿ 19, ಸೋಮವಾರ

ಇವತ್ತು ಒಂದು ಲೆಕ್ಕಾಚಾರ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು.

ಮೂವತ್ತೊಂದು ವರ್ಷ ಲಾರಿ ಓಡಿಸಿದೆ. ರಸ್ತೆಯಿಂದ ತಳ್ಳಿದ ಹಿಮ ಎಲ್ಲಿಗೂ ಮಾಯವಾಗುವುದಿಲ್ಲ. ಪಕ್ಕದಲ್ಲಿ ಯಾರ ಮನೆ ಇದೆಯೋ ಅವರ ಬಾಗಿಲಿಗೆ ಗುಡ್ಡೆ ಬೀಳುತ್ತದೆ. ಜನ ಸಲಿಕೆ ಹಿಡಿದು ಬಂದು ಬೈಯುತ್ತಿದ್ದರು, ನಾನು ಕಿಟಕಿ ಏರಿಸಿಕೊಂಡು ಮುಂದೆ ಹೋಗುತ್ತಿದ್ದೆ. ಅತ್ತಿಗೆಯ ದಾರಿ ಸಾಫು ಮಾಡಿದೆ ಎಂದು ಬೀಗುತ್ತಿದ್ದೆ. ಗುಡ್ಡೆ ಕೊರೀನ್ ಬಾಗಿಲಿಗೆ ಬಿತ್ತು.

ಸಲಿಕೆ ತೆಗೆದುಕೊಂಡು ಹೋದೆ. ಡಾಕ್ಟರ ಮಾತು ಹಾಳಾಗಲಿ. ಅವಳ ಮನೆ ಮುಂದೆ ಲಾರಿ ತಳ್ಳಿದ ಹಿಮ ಸೊಂಟದೆತ್ತರ. ಅರ್ಧ ತೆಗೆದಿದ್ದೆ, ಕೋಟು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ಆಪರೇಷನ್ ಆದ ಕಣ್ಣು. ಬಗ್ಗಬಾರದು ನೀವು."

"ಪರವಾಗಿಲ್ಲ."

"ಯಾರು ತೆಗೆಯಿರಿ ಅಂದ್ರು?"

"ಯಾರೂ ಇಲ್ಲ. ಕೊರೀನ್, ನಾನು ಅವತ್ತು…"

"ಇದನ್ನ ತೆಗೆದ್ರೆ ಅದು ಹೋಗುತ್ತಾ ಆರ್ವೊ ಅವ್ರೇ?"

ಸಲಿಕೆ ಮೇಲೆ ಒರಗಿ ನಿಂತೆ.

"ನನ್ನ ನಾಲಿಗೆ ತುದೀಲಿತ್ತು" ಎಂದಳು. "ಆ ಅಮ್ಮ ಭರಣಿ ಹಿಡ್ಕೊಂಡಿದ್ರಲ್ಲ, ಮಗು ಹಿಡ್ಕೊಂಡ ಹಾಗೆ. ಆಗಲಿಲ್ಲ ನನ್ನಿಂದ. ನೀವು ಹೇಳ್ತೀರ ಅನ್ಕೊಂಡೆ. ಕಾದೆ."

"ಗೊತ್ತು."

"ಪಕ್ಕದ ಮನೆಯವಳಿಗೆ ಗುರುವಾರ ಬರೋದು ಬೇಡ ಅಂದ್ಬಿಟ್ಟೆ. ಎಲ್ಲಿಗೆ ಹೋಗ್ಲಿ ಇನ್ನು? ಅಂಗಡೀಲಿ ಸಾಮಾನು ತರೋಕೆ ಹೋದ್ರೆ ಉಪ್ಪಿನ ಪ್ಯಾಕೆಟ್ ಎತ್ತಿಕೊಟ್ಟು ನಗ್ತಾರೆ."

ಒಳಗೆ ಹೋದಳು. ಉಳಿದರ್ಧ ಹಿಮವನ್ನೂ ತೆಗೆದೆ. ಮತ್ತೇನು ಮಾಡಬೇಕೆಂದು ತಿಳಿಯಲಿಲ್ಲ.

ಫೆಬ್ರವರಿ 22, ಗುರುವಾರ

ಒಂದನೇ ಟಬ್, ನಾಲ್ಕನೇ ಟಬ್ — ಉಪ್ಪಿಲ್ಲ. ಹಾಕಿದೆ.

ಮಧ್ಯಾಹ್ನ ಎಲ್ಲರೂ ಒಂದೊಂದು ತಿಂದೆವು. ಡೆಲ್ಬರ್ಟ್ ಬಾಯಿ ತುಂಬ ಪ್ಯಾಸ್ಟಿ ಇಟ್ಟುಕೊಂಡೇ ಹೇಳಿದ: "ನೋಡ್ರಪ್ಪ! ಅವಳು ಹೋದ್ಲು, ರುಚಿ ಬಂತು. ಇನ್ನೇನು ಸಾಕ್ಷಿ ಬೇಕು?"

ಎಲ್ಲರೂ ತಲೆಯಾಡಿಸಿದರು. ಅತ್ತಿಗೆಯೂ.

ಆ ರುಚಿ ನಾನು ಹಾಕಿದ್ದು. ಉಗ್ರಾಣದಲ್ಲಿ ನಾನು ಸುರಿಯುವ ಒಂದೊಂದು ಹಿಡಿಯೂ ಅವಳ ಮೇಲಿನ ಆಪಾದನೆಗೆ ಮೊಳೆ ಹೊಡೆಯುತ್ತಿದೆ. ಹಾಕದಿದ್ದರೆ ಅತ್ತಿಗೆ ಬಯಲಾಗುತ್ತಾರೆ. ಹಾಕಿದರೆ ಅವಳು ಕಳ್ಳಿ. ಕೆಮ್ಮಿದಂತೆ ಮಾಡಿ ಎದ್ದೆ.

"ಏನೋ ಆರ್ವೊ, ಮುಖ ಯಾಕೆ ಹಾಗೆ?" ಎಂದ ಡೆಲ್ಬರ್ಟ್.

"ಏನಾಗಿದೆ ನನ್ನ ಮುಖಕ್ಕೆ?" ಎಂದು ರೇಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಫೆಬ್ರವರಿ 25, ಭಾನುವಾರ

ಹೆಲ್ಮಿಯ ಹುಟ್ಟಿದ ದಿನ. ಪ್ರತಿ ವರ್ಷದಂತೆ ಅತ್ತಿಗೆ ಮನೆಯಲ್ಲಿ ಊಟ. ಇವತ್ತು ಹೇಳಿಯೇ ತೀರಬೇಕೆಂದು ಹೊರಟಿದ್ದೆ. ಕಾರಲ್ಲಿ ಎರಡು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸವನ್ನೂ ಮಾಡಿದೆ.

ಅತ್ತಿಗೆ ನನಗೆಂದು ಬೇರೆಯಾಗಿ ಪ್ಯಾಸ್ಟಿ ಮಾಡಿದ್ದರು. ಅಂಚು ಹೆಣಿಗೆ ನೋಡಬೇಕು, ಜಡೆ ಹಾಕಿದಂತೆ. ಆ ಕೈ ಅದನ್ನು ಮರೆತಿಲ್ಲ. ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪು ನೆತ್ತಿಗೇರಿತು. ಎರಡಲ್ಲ, ಮೂರು ಸಲ ಹಾಕಿರಬೇಕು.

ಅವರು ತಮ್ಮ ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ."

"ಹೆಲ್ಮಿ ಇದ್ದಿದ್ರೆ ಏನಂತಿದ್ಲು?"

"ಅವಳೂ… ಚೆನ್ನಾಗಿದೆ ಅಂತಿದ್ಲು."

ಅವಳು ಹಾಗೆ ಹೇಳುತ್ತಿರಲಿಲ್ಲ. 'ಅಕ್ಕಾ, ಸರೋವರದ ಬದಲು ಸಮುದ್ರದ ನೀರಲ್ಲಿ ಕಲಸಿದ್ಯಾ?' ಎನ್ನುತ್ತಿದ್ದಳು. ಇಬ್ಬರೂ ಅರ್ಧ ಗಂಟೆ ಜಗಳವಾಡಿ ಆಮೇಲೆ ಕಾಫಿ ಕುಡಿಯುತ್ತಿದ್ದರು. ಮುಗಿಯುತ್ತಿತ್ತು, ಅಷ್ಟೇ. ನಾನು ಸತ್ತ ಹೆಂಡತಿಯ ಬಾಯಲ್ಲೂ ಸುಳ್ಳು ಹೇಳಿಸಿದೆ.

ಪೂರ್ತಿ ತಿಂದೆ. ಮೂರು ಲೋಟ ನೀರು ಕುಡಿದೆ. ಅತ್ತಿಗೆ ಜಗ್ಗಿನಿಂದ ಬಗ್ಗಿಸುತ್ತಲೇ ಇದ್ದರು. ಮೂರನೇ ಲೋಟಕ್ಕೆ ಕೈ ನಿಂತಿತು, ಜಗ್ಗು ಹಾಗೇ ಎತ್ತಿಕೊಂಡು ನನ್ನನ್ನು ನೋಡಿದರು. ಏನೋ ಕೇಳುವವರಂತೆ. ಕೇಳಲಿಲ್ಲ. ನಾನೂ ಹೇಳಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿದು ಬಂದೆ. ಬಾಯಾರಿಕೆ ಹೋಗಿಲ್ಲ.

ಇರ್ಮಾಳ ನೆನಪು ಬಿಡುತ್ತಿಲ್ಲ. ನಮ್ಮ ನೆಲಮಾಳಿಗೆಯಲ್ಲೇ ಮೂವತ್ತು ವರ್ಷ ಕಣಕ ನಾದಿದವಳು. 'ಇನ್ನು ನೀವು ವಿಶ್ರಾಂತಿ ತಗೊಳ್ಳಿ' ಎಂದು ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದೆವು. ಮುಂದಿನ ಈಸ್ಟರ್ ಹೊತ್ತಿಗೆ ಮಗಳ ಗುರುತೂ ಇರಲಿಲ್ಲ ಅವಳಿಗೆ. ಅತ್ತಿಗೆಗೂ ಹಾಗಾದರೆ? ಅದಕ್ಕೇ ಶುರು ಮಾಡಿದ್ದು ನಾನು. ಕರುಣೆಯಿಂದಲೇ. ಆದರೆ ಅವತ್ತು ಆ ಮೇಜಿನಲ್ಲಿ ಬಾಯಿ ಮುಚ್ಚಿಕೊಂಡದ್ದು ಕರುಣೆಯಲ್ಲ, ಹೆದರಿಕೆ. ಆರು ತಿಂಗಳು ನೀವೆಲ್ಲ ನನ್ನ ಉಪ್ಪು ತಿಂದಿದ್ದೀರಿ ಎಂದು ಹೇಳಿದರೆ ನನ್ನ ಮುಖ ಎಲ್ಲಿಡಲಿ ಎಂಬ ಹೆದರಿಕೆ. ಆರಲ್ಲ, ಐದು ತಿಂಗಳು.

ಮಾರ್ಚ್ 1, ಗುರುವಾರ. ಮಧ್ಯಾಹ್ನ ಎರಡು ಗಂಟೆ

ಹೇಳಿದೆ.

ಎರಡನೇ ಟಬ್. ಉಗ್ರಾಣದಲ್ಲಿ ನಿಂತೆ, ಆಲೂಗಡ್ಡೆ ಚೂರು ನಾಲಿಗೆಗೆ ಇಟ್ಟೆ, ಸಪ್ಪೆ. ಡಬ್ಬಿ ಮುಚ್ಚಳ ತೆಗೆದೆ. ಮುಚ್ಚಿದೆ. ಟಬ್ಬನ್ನು ತಿರುಗಿಸಿ ವಾಪಸ್ಸು ಅತ್ತಿಗೆಯ ಮೇಜಿಗೆ ತಳ್ಳಿಕೊಂಡು ಬಂದೆ. ಗಾಲಿ ಕಿರ್ ಎಂದಿತು. ಟಬ್ ವಾಪಸ್ಸು ಬಂದದ್ದನ್ನು ಯಾರೂ ಕಂಡವರಲ್ಲ. ಎಲ್ಲರ ಕೈ ನಿಂತಿತು.

"ಅತ್ತಿಗೆ, ಇದಕ್ಕೆ ಉಪ್ಪು ಬಿದ್ದಿಲ್ಲ."

"ಹಾಕಿದೀನಿ."

"ರುಚಿ ನೋಡಿ."

"ನಲವತ್ತೊಂದು ವರ್ಷ—"

"ನೋಡಿ ಅತ್ತಿಗೆ. ದಮ್ಮಯ್ಯ."

ಒಂದು ಚೂರು ತೆಗೆದು ಬಾಯಿಗಿಟ್ಟರು. ಜಗಿದರು. ಇನ್ನೊಂದು ಚೂರು, ಟಬ್ಬಿನ ಇನ್ನೊಂದು ಮೂಲೆಯಿಂದ. ನಾನು ಕಾಫಿ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಹೆಲ್ಮಿಯ ಡಬ್ಬಿ ಅವರಿಗೆ ಗುರುತು. ಮುಚ್ಚಳ ತೆಗೆದು ನೋಡಿದರು.

"ಎಷ್ಟು ದಿನದಿಂದ?"

"ಅಕ್ಟೋಬರ್‌ನಿಂದ."

"ಆ ದಿನ ನೀನು ಆಸ್ಪತ್ರೇಲಿದ್ದೆ."

"ಹೂಂ."

ಡೆಲ್ಬರ್ಟ್ ಚಾಕು ಕೆಳಗಿಟ್ಟ. ರಮೋನಾ ಕೂತಳು. ಅತ್ತಿಗೆ ಅಳುತ್ತಾರೆ ಎಂದುಕೊಂಡೆ, ಇಲ್ಲವೇ ನನ್ನ ಮೇಲೆ ಎಸೆಯುತ್ತಾರೆ ಎಂದುಕೊಂಡೆ. ಅವರು ಬೇರೆಯೇ ಒಂದು ಕೇಳಿದರು.

"ಆ ಹುಡುಗಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ದೆ."

ಅತ್ತಿಗೆ ಡಬ್ಬಿಯ ಮುಚ್ಚಳ ಮುಚ್ಚಿದರು.

"ಮಾತು ಕೊಟ್ಟೋಳು ಬಾಯಿ ಬಿಡ್ಲಿಲ್ಲ. ಮಾತು ತಗೊಂಡೋನೂ ಬಿಡ್ಲಿಲ್ಲ" ಎಂದರು. "ನಾನು ಅಷ್ಟು ಜನರ ಮುಂದೆ ಅವಳನ್ನ ಏನಂದೆ ಆರ್ವೊ? ನನಗೆ ಅದೂ ಸರಿಯಾಗಿ ನೆನಪಿಲ್ಲ. ಹೇಳು, ಏನಂದೆ?"

ಹೇಳಿದೆ. ಅಂದದ್ದನ್ನು ಅಂದಂತೆಯೇ. ಆಮೇಲೆ ಅವರು ಭರಣಿ ಎತ್ತಿಕೊಂಡು ಕೋಟು ಹಾಕಿಕೊಂಡರು. ಮನೆಗೆ ಬಿಡುತ್ತೇನೆಂದೆ. "ನಡೀತೀನಿ" ಎಂದರು. ಮೂರು ಬೀದಿ, ಹಿಮದಲ್ಲಿ. ನಾನು ಕಾರನ್ನು ಹಿಂದೆಯೇ ನಿಧಾನ ಓಡಿಸಿಕೊಂಡು ಹೋದೆ. ತಿರುಗಿ ನೋಡಲಿಲ್ಲ.

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರಲ್ಲ. ಯಾರು ಹೇಳಿದ್ದು ಅದನ್ನು?

ಮಾರ್ಚ್ 4, ಭಾನುವಾರ

ಅತ್ತಿಗೆ ಚರ್ಚಿಗೆ ಬರಲಿಲ್ಲ. ಫೋನ್ ಎತ್ತುವುದಿಲ್ಲ. ಬಾಗಿಲು ತಟ್ಟಿದರೆ ಪರದೆ ಅಲುಗುತ್ತದೆ, ಅಷ್ಟೇ.

ಮಾರ್ಚ್ 8, ಗುರುವಾರ

ಹಿಮವಿಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ — ಉಪ್ಪು, ಟಬ್ಬಿಗೆ ಒಂದೂವರೆ ಲೋಟ. ರಮೋನಾ ಅಳೆದು ಹಾಕಿದಳು. ನಾಲ್ಕೂ ಟಬ್ ಒಂದೇ ಸಮ. ತಪ್ಪಿಲ್ಲ. ತಿಂದು ಯಾರೂ ಏನೂ ಹೇಳಲಿಲ್ಲ.

ಡೆಲ್ಬರ್ಟ್ ದಿನವಿಡೀ ಬಾಯಿ ಬಿಡಲಿಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಕೊರೀನ್ ಮನೆಗೆ ಹೋಗಿದ್ದೆ ಕಣೋ. ಬಾಗಿಲು ತೆಗೀಲಿಲ್ಲ" ಎಂದ. "ನನ್ನ ಮಾತು ಬಿಡು, ನೀನು ಹೋಗಿದ್ಯಾ?"

ಇಲ್ಲ. ಆ ಸಲಿಕೆಯ ದಿನದ ಮೇಲೆ ಇಲ್ಲ. ನೆಲಮಾಳಿಗೆಯಲ್ಲಿ ಹೇಳಿದ್ದು ಸುಲಭದ ಅರ್ಧ ಎಂದು ಈಗ ಗೊತ್ತಾಗುತ್ತಿದೆ.

ಮಾರ್ಚ್ 10, ಶನಿವಾರ. ಬೆಳಿಗ್ಗೆ ಹನ್ನೊಂದೂಕಾಲು, ಕಾರಿನಲ್ಲಿ

ಎಂಟಕ್ಕೆ ಅತ್ತಿಗೆಯ ಫೋನ್ ಬಂತು. "ಬಾ." ಅಷ್ಟೇ.

ಹೋದೆ. ಅಡುಗೆಮನೆಯಲ್ಲಿ ಕಣಕ ಲಟ್ಟಿಸಿಟ್ಟಿದ್ದರು, ಎರಡು ಬಟ್ಟಲು ಹೂರಣ. ಒಂದು ದೊಡ್ಡದು, ಒಂದು ಪುಟ್ಟದು. ಕೂರು ಎನ್ನಲಿಲ್ಲ. ಭರಣಿ ಎತ್ತಿ ನನ್ನ ಕೈಗಿಟ್ಟರು.

"ದೊಡ್ಡದಕ್ಕೆ ನೀನು ಹಾಕು."

"ಅತ್ತಿಗೆ, ನೀವೇ…"

"ನನಗೆ ನಂಬಿಕೆಯಿಲ್ಲ ನನ್ನ ಮೇಲೆ. ಹಾಕು. ನನ್ನ ಕಣ್ಣೆದುರಿಗೆ ಹಾಕು, ಉಗ್ರಾಣದಲ್ಲಿ ಕಳ್ಳನ ಹಾಗೆ ಬೇಡ."

ಹಾಕಿದೆ. ಕಲಸಿದರು, ರುಚಿ ನೋಡಿದರು, ಇನ್ನೊಂದು ಚಿಟಿಕೆ ಎಂದರು. ಸರಿಯಾಗೇ ಹೇಳಿದರು. ನಾಲಿಗೆ ಕೆಟ್ಟಿಲ್ಲ ಅವರದು.

ಪುಟ್ಟ ಬಟ್ಟಲಿನ ಕಡೆ ಭರಣಿ ಚಾಚಿದೆ. ನನ್ನ ಕೈ ಹಿಡಿದು ನಿಲ್ಲಿಸಿದರು. "ಅದಕ್ಕೆ ಬೇಡ. ಅದು ಅವರಪ್ಪನಿಗೆ." ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, "ಹೆಣಕ್ಕೆ ಇಡೋದು ಅಂದಿದ್ನಲ್ಲ ನಾನು. ಅದು ನೆನಪಿದೆ ನೋಡು. ನೆನಪಿರಬಾರದ್ದು ನೆನಪಿರುತ್ತೆ."

ಅಂಚು ಹೆಣೆದರು. ಚಾಕುವಿನ ತುದಿಯಿಂದ ದೊಡ್ಡದರ ಮೂಲೆಯಲ್ಲಿ ಕೊರೀನ್ ಹೆಸರಿನ ಮೊದಲಕ್ಷರ, ಪುಟ್ಟದರಲ್ಲಿ ಮುದುಕನದು. ಬೇಯುವ ತನಕ ಇಬ್ಬರೂ ಒಲೆಯ ಮುಂದೆ ಕೂತೆವು. "ನನಗೆ ಗೊತ್ತಿರ್ಲಿಲ್ಲ ಅನ್ಬೇಡ" ಎಂದರು ನಡುವೆ. "ಅವತ್ತು ಮೂರು ಲೋಟ ನೀರು ಕುಡಿದ್ಯಲ್ಲ, ಅನುಮಾನ ಬಂತು. ಕೇಳೋಕೆ ಧೈರ್ಯ ಇರ್ಲಿಲ್ಲ. ನೀನೊಬ್ಬನೇ ಅಲ್ಲ ಪುಕ್ಕಲ."

ಈಗ ಅವಳ ಮನೆ ಮುಂದೆ. ಗಾಡಿ ನಿಲ್ಲಿಸುತ್ತಲೇ ಬಿಸಿ ಗಂಟನ್ನು ಎದೆಗೊತ್ತಿಕೊಂಡು ಅತ್ತಿಗೆ ಇಳಿದರು. "ಮೊದಲು ನನ್ನ ಮಾತು ಮುಗೀಲಿ. ನೀನು ಇಲ್ಲೇ ಇರು." ಕೈಗೆ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲು ತೆರೆಯಿತು. ಕೊರೀನ್. ಒಳಗೆ ಬನ್ನಿ ಎನ್ನಲಿಲ್ಲ. ಅತ್ತಿಗೆ ಏನೋ ಹೇಳುತ್ತಿದ್ದಾರೆ, ಇಲ್ಲಿಗೆ ಕೇಳಿಸುವುದಿಲ್ಲ. ಗಂಟು ಎರಡೂ ಕೈಯಲ್ಲಿ ಚಾಚಿದ್ದಾರೆ. ಅವಳು ತೆಗೆದುಕೊಳ್ಳುತ್ತಿಲ್ಲ. ಅತ್ತಿಗೆಯ ಟೋಪಿ ಜಾರಿದೆ, ಸರಿಮಾಡಿಕೊಳ್ಳಲು ಕೈ ಬಿಡುವಿಲ್ಲ.

ತೆಗೆದುಕೊಂಡಳು.

ಬಟ್ಟೆ ಸರಿಸಿ ನೋಡುತ್ತಿದ್ದಾಳೆ. ದೊಡ್ಡದರ ಮೂಲೆ. ಆಮೇಲೆ ಪುಟ್ಟದರ ಮೂಲೆ. ಅದರ ಮೇಲೆ ಬೆರಳು ಆಡಿಸಿದಳು. ಟೋಪಿಯನ್ನು ಅವಳೇ ಎತ್ತಿ ಅತ್ತಿಗೆಯ ತಲೆಗೆ ಸರಿಯಾಗಿ ಇಟ್ಟಳು. ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಬಾಗಿಲು ಮುಚ್ಚಿಲ್ಲ.

ವಾಪಸ್ಸು ಬಂದು ಹೊಸಿಲಲ್ಲಿ ನಿಂತಿದ್ದಾಳೆ. ಕಾರಿನ ಕಡೆಯೇ ನೋಡುತ್ತಿದ್ದಾಳೆ, ಆ ದಿನ ಮೇಜಿನಲ್ಲಿ ನೋಡಿದ ಹಾಗೆಯೇ. ಕೈಬೀಸಿ ಕರೆಯುತ್ತಿಲ್ಲ. ಮುಚ್ಚುತ್ತಲೂ ಇಲ್ಲ. ಒಳಗೆ ಮುದುಕನಿಗೆ ಚಳಿ ಹೊಡೆಯುತ್ತದೆ. ಕಾಯುತ್ತಿದ್ದಾಳೆ. ಇಳಿಯಬೇಕು ನಾನು. ಇಳಿದು ಮೊದಲ ಮಾತು ಏನೆಂದು… ಸಾಕು. ಪುಸ್ತಕ ಜೇಬಿಗೆ, ಇಳಿಯುತ್ತೇನೆ.